ಹಳೇ ಇಂಗ್ಲಿಷ್ ಕಾದಂಬರಿಗಳ ವಾಕ್ಯಗಳಿಂದ ಪದ ಕಲಿಯಬಹುದಾ?

ನೀವು ಕೇಳಿದ್ದು ಇಷ್ಟು: ಬ್ಯಾಂಕ್ ಪರೀಕ್ಷೆಗೆ ಅಂತ ಇಂಗ್ಲಿಷ್ ಪದಗಳ ಪಟ್ಟಿ ಇಟ್ಟುಕೊಂಡು ಬಾಯಿಪಾಠ ಮಾಡುತ್ತಿದ್ದೀರಿ. ಮೂರು ತಿಂಗಳಾದರೂ ‘ಎ’ ಅಕ್ಷರ ಮುಗಿದಿಲ್ಲ, ಓದಿದ್ದೂ ನೆನಪಿಲ್ಲ. ಹಳೇ ಕ್ಲಾಸಿಕ್ ಕಾದಂಬರಿಗಳ ವಾಕ್ಯ ಬರೆದಿಟ್ಟುಕೊಂಡು ಕಲಿ ಅಂತ ಯಾರೋ ಹೇಳಿದ್ದಾರೆ. ಇನ್ನೂರು ವರ್ಷ ಹಳೆಯ ಇಂಗ್ಲಿಷ್ ಈಗ ಕೆಲಸಕ್ಕೆ ಬರುತ್ತಾ?

ಬರುತ್ತದೆ. ನಾನು ಕಲಿತಿದ್ದೇ ಹಾಗೆ. ಆದರೆ ಅದೇ ದಾರಿಯಲ್ಲಿ ಒಮ್ಮೆ ಮಾನವೂ ಹೋಗಿದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಹತ್ತನೇ ತರಗತಿವರೆಗೆ ನಾನು ಕನ್ನಡ ಮಾಧ್ಯಮ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಟ ಹಿಡಿದು ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಓದಿದೆ. 1813ರ ಕಾದಂಬರಿ. ಅದರಲ್ಲಿ ಕಾಲಿನ್ಸ್ ಅಂತ ಒಬ್ಬ ಪಾದ್ರಿ. ತನಗೆ ಕೆಲಸ ಕೊಡಿಸಿದ ಶ್ರೀಮಂತ ಹೆಂಗಸಿನ ‘ಕಾಂಡಿಸೆನ್ಷನ್’ ಅನ್ನು ಬಾಯಿ ತುಂಬ ಹೊಗಳುತ್ತಾನೆ. ಹೊಗಳಿಕೆ ತಾನೇ? ದೊಡ್ಡವರು ದೊಡ್ಡಸ್ತಿಕೆ ಬಿಟ್ಟು ನಮ್ಮಂಥವರ ಜೊತೆ ಬೆರೆಯುವ ಗುಣ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೆಲವು ತಿಂಗಳಾದ ಮೇಲೆ ಹೆಡ್ ಆಫೀಸಿನಿಂದ ಬಂದ ದೊಡ್ಡ ಅಧಿಕಾರಿಯೊಬ್ಬರು ನಮ್ಮ ಜೊತೆಯೇ ಕೂತು ಊಟ ಮಾಡಿದರು. ಮಾರನೇ ದಿನ ನಾನು ಮೇಲ್ ಕಳಿಸಿದೆ: ನಿಮ್ಮ ಕಾಂಡಿಸೆನ್ಷನ್‌ಗೆ ನಾವೆಲ್ಲ ಋಣಿಗಳು ಅಂತ!

ಉತ್ತರ ಬರಲಿಲ್ಲ. ಸಂಜೆ ನಮ್ಮ ಮ್ಯಾನೇಜರ್ ಕರೆದು ಡಿಕ್ಷನರಿ ತೆಗೆಸಿದರು. ಇವತ್ತಿನ ಅರ್ಥ, ಎದುರಿಗಿರುವವರು ತನಗಿಂತ ಕೀಳು ಅನ್ನೋ ಹಾಗೆ ನಡೆದುಕೊಳ್ಳುವುದು. ನಮ್ಮನ್ನು ಕೀಳಾಗಿ ಕಂಡಿದ್ದಕ್ಕೆ ನಾನು ಧನ್ಯವಾದ ಹೇಳಿದ್ದೆ. ಆಸ್ಟಿನ್ ಕಾಲದಲ್ಲಿ ಅದು ಒಳ್ಳೆಯ ಮಾತಾಗಿತ್ತು. ಆಕೆ ಆ ಮಾತನ್ನು ಕಾಲಿನ್ಸ್ ಬಾಯಲ್ಲಿಟ್ಟು ಅವನನ್ನೇ ಗೇಲಿ ಮಾಡುತ್ತಿದ್ದರು ಅನ್ನೋದು ನನಗೆ ಎರಡನೇ ಸಲ ಓದಿದಾಗ ಗೊತ್ತಾಯಿತು.

ಪದಗಳು ಜಾರುತ್ತವೆ. ಒಂದು ಕಾಲಕ್ಕೆ ಎಳ್ಳಿನ ನೆಯ್, ಅಂದರೆ ಎಳ್ಳಿನ ಜಿಡ್ಡು ಮಾತ್ರ ಎಣ್ಣೆಯಾಗಿತ್ತು. ಈಗ ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಎಲ್ಲವೂ ಎಣ್ಣೆ. ಶನಿವಾರ ಸಂಜೆಯ ‘ಎಣ್ಣೆ’ ಬೇರೆಯೇ ಇದೆ.

ಆದರೆ ಅದೇ ಕಾದಂಬರಿಯ ಮೊದಲ ವಾಕ್ಯ ನನಗೆ ಕೊಟ್ಟಿದ್ದು ಯಾವ ಪಟ್ಟಿಯೂ ಕೊಟ್ಟಿಲ್ಲ. ‘ಎ ಸಿಂಗಲ್ ಮ್ಯಾನ್ ಇನ್ ಪೊಸೆಷನ್ ಆಫ್ ಎ ಗುಡ್ ಫಾರ್ಚೂನ್, ಮಸ್ಟ್ ಬಿ ಇನ್ ವಾಂಟ್ ಆಫ್ ಎ ವೈಫ್’ ಅಂತ ಬರುತ್ತದಲ್ಲ, ಅದು. ಫಾರ್ಚೂನ್ ಅಂದರೆ ಅದೃಷ್ಟ ಅಂದುಕೊಂಡಿದ್ದೆ. ಇಲ್ಲಿ ಅದು ಆಸ್ತಿ. ವಾಂಟ್ ಅಂದರೆ ಬೇಕು ಅಂತ ಶಾಲೆಯಲ್ಲೇ ಕಲಿತಿದ್ದೆವು. ಇಲ್ಲಿ ‘ಇನ್ ವಾಂಟ್ ಆಫ್’ ಅಂದರೆ ಅದಿಲ್ಲದ ಕೊರತೆ. ದುಡ್ಡಿರುವ ಬ್ರಹ್ಮಚಾರಿಗೆ ಹೆಂಡತಿ ಇಲ್ಲದ್ದೊಂದು ಕೊರತೆ ಅಂತ ಊರವರೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಹೆಣ್ಣುಮಕ್ಕಳಿರುವ ತಾಯಂದಿರು ಎಲ್ಲ ಕಡೆ ಒಂದೇ, ಅಲ್ವಾ? ಇದಾದ ಮೇಲೆ ಇಂಗ್ಲಿಷ್ ಪೇಪರಿನಲ್ಲಿ ‘ಫಾರ್ ವಾಂಟ್ ಆಫ್ ಎವಿಡೆನ್ಸ್’ ಆರೋಪಿ ಬಿಡುಗಡೆ ಅಂತ ಓದಿದಾಗ ತಟ್ಟನೆ ಹೊಳೆಯಿತು. ಸಾಕ್ಷಿ ಇಲ್ಲದ್ದಕ್ಕೆ ಬಿಟ್ಟರು ಅಂತ. ಹಳೇ ಅರ್ಥ ಸತ್ತಿರಲಿಲ್ಲ, ಕೋರ್ಟಿನ ಸುದ್ದಿಯಲ್ಲಿ ಸುಮ್ನೆ ಕೂತಿತ್ತು.

ಎಲ್ಲ ವಾಕ್ಯವೂ ಹೀಗೆ ಕಲಿಸುವುದಿಲ್ಲ. ‘ಅವನು ಕವೆಟಸ್ ಮನುಷ್ಯ’ ಅಂತ ಬರೆದರೆ ಏನು ತಿಳಿಯುತ್ತದೆ? ಕಾದಂಬರಿಕಾರ ಚಾರ್ಲ್ಸ್ ಡಿಕೆನ್ಸ್ 1843ರ ‘ಎ ಕ್ರಿಸ್‌ಮಸ್ ಕ್ಯಾರಲ್’ನಲ್ಲಿ ಸ್ಕ್ರೂಜ್ ಎಂಬ ಮುದುಕನ ಬಗ್ಗೆ ಏನು ಬರೆದಿದ್ದಾರೆ ನೋಡಿ. ಟೈಟ್ ಫಿಸ್ಟೆಡ್, ಅಂದರೆ ಕೈ ಬಿಗಿ, ಅಂತ ಶುರು ಮಾಡಿ ‘ಸ್ಕ್ವೀಜಿಂಗ್, ರೆಂಚಿಂಗ್, ಗ್ರಾಸ್ಪಿಂಗ್, ಸ್ಕ್ರೇಪಿಂಗ್, ಕ್ಲಚಿಂಗ್, ಕವೆಟಸ್, ಓಲ್ಡ್ ಸಿನ್ನರ್’ ಅನ್ನುತ್ತಾರೆ. ಹಿಂಡುವುದು, ತಿರುಚುವುದು, ಬಾಚುವುದು, ಕೆರೆಯುವುದು, ಬಿಗಿಯಾಗಿ ಹಿಡಿಯುವುದು. ಎಲ್ಲವೂ ಕೈಯ ಕೆಲಸ. ಆರನೆಯದಾಗಿ ಕವೆಟಸ್ ಬರುವ ಹೊತ್ತಿಗೆ ಎಂಜಲು ಕೈಯಲ್ಲಿ ಕಾಗೆ ಓಡಿಸದ, ಸಿಕ್ಕಿದ್ದೆಲ್ಲ ತನಗೇ ಬೇಕು ಅನ್ನೋ ಮುದುಕ ಕಣ್ಣೆದುರು ನಿಂತಿರುತ್ತಾನೆ. ದುರಾಸೆ ಅಂತ ಡಿಕ್ಷನರಿ ಹೇಳುವ ಮೊದಲೇ ಗೊತ್ತಾಗುತ್ತದೆ. ಒಂದು ವಾಕ್ಯಕ್ಕೆ ಆರು ಪದ. ಇಂಥವು ಸಿಕ್ಕರೆ ಬಿಡಬೇಡಿ. ಪದದ ಅಕ್ಕಪಕ್ಕದವು ಅದನ್ನು ಹಿಡಿದುಕೊಳ್ಳದಿದ್ದರೆ ವಾಕ್ಯ ಎಷ್ಟು ದೊಡ್ಡವರದ್ದಾದರೂ ಬಿಟ್ಟು ಮುಂದೆ ಹೋಗಿ.

ಇದೇನೂ ಹೊಸ ಉಪಾಯ ಅಲ್ಲ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತಂದ ಡಿಕ್ಷನರಿಯಲ್ಲಿ ಸುಮಾರು 42,000 ಪದಗಳಿಗೆ ಪುಸ್ತಕಗಳಿಂದ ಆರಿಸಿದ ಒಂದು ಲಕ್ಷಕ್ಕೂ ಜಾಸ್ತಿ ವಾಕ್ಯಗಳಿವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಮ್ಮ ಕಿಟೆಲ್ ನಿಘಂಟೂ ಹಾಗೇ. ಹಳೇ ಕಾವ್ಯದ ಸಾಲುಗಳು, ಗಾದೆಗಳು ಅದರ ತುಂಬ ಇವೆ. ಬಿಡುವಿದ್ದಾಗ ಸುಮ್ನೆ ಒಂದು ಪುಟ ತೆಗೆದು ನೋಡಿ.

ಇನ್ನು ನಾನು ಮಾಡುವ ಕ್ರಮ. ಬೇರೆಯವರು ಆರಿಸಿಟ್ಟ ಬಿಡಿ ವಾಕ್ಯಗಳ ಪಟ್ಟಿ ಬೇಡವೇ ಬೇಡ. ಅದೂ ಇನ್ನೊಂದು ಬಾಯಿಪಾಠ ಅಷ್ಟೇ. ಯಾರು, ಯಾರಿಗೆ, ಯಾಕೆ ಹೇಳಿದರು ಅನ್ನೋದು ಗೊತ್ತಿದ್ದರೆ ಮಾತ್ರ ಪದ ತಲೆಯಲ್ಲಿ ನಿಲ್ಲುತ್ತದೆ. ಹಾಗಾಗಿ ಒಂದು ಕಥೆ ಹಿಡಿದು ಪೂರ್ತಿ ಓದಿ. ದಿನಕ್ಕೆ ಎರಡು ಮೂರು ವಾಕ್ಯ ಸಾಕು, ಕೈಯಲ್ಲೇ ಬರೆಯಿರಿ. ಕಲಿಯಬೇಕಾದ ಪದದ ಜಾಗ ಖಾಲಿ ಬಿಟ್ಟು ಪದವನ್ನು ಪುಟದ ಹಿಂದೆ ಬರೆಯಿರಿ. ಮೂರು ದಿನ ಬಿಟ್ಟು ಖಾಲಿ ಜಾಗ ತುಂಬಿಸಿ ನೋಡಿ. ನಿಮ್ಮ ಪರೀಕ್ಷೆಯಲ್ಲಿ ಬರುವ ಕ್ಲೋಜ್ ಟೆಸ್ಟ್ ಕೂಡ ಇದೇ ತಾನೇ? ಆಮೇಲೆ ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಈಗಿನ ಒಂದು ಲರ್ನರ್ಸ್ ಡಿಕ್ಷನರಿ ತೆಗೆದು ಆ ಪದದ ಅರ್ಥ ಈಗಲೂ ಅದೇನಾ, ಪಕ್ಕದಲ್ಲಿ ‘ಓಲ್ಡ್ ಫ್ಯಾಷನ್ಡ್’ ಅಥವಾ ‘ಲಿಟರರಿ’ ಅಂತ ಇದೆಯಾ ನೋಡಿ. ಅರ್ಥ ಬದಲಾಗಿದ್ದರೆ, ಇಲ್ಲವೇ ಹಾಗೆ ಬರೆದಿದ್ದರೆ ಓದೋಕೆ ಮಾತ್ರ ಇಟ್ಟುಕೊಳ್ಳಿ, ಮೇಲ್‌ನಲ್ಲಿ ಬರೆಯಬೇಡಿ. ಈ ಹೆಜ್ಜೆ ಬಿಟ್ಟಿದ್ದಕ್ಕೇ ನನಗೆ ಆ ಗತಿಯಾಗಿದ್ದು. ಪರೀಕ್ಷೆ ಹತ್ತಿರ ಇದ್ದರೆ ಪೇಪರಿನ ಸಂಪಾದಕೀಯವನ್ನೂ ಓದಿ. ಬರೀ ಕಾದಂಬರಿ ನಂಬಿ ಕೂರಬೇಡಿ.

ಶೇಕ್ಸ್‌ಪಿಯರ್‌ನಿಂದ ಶುರು ಮಾಡಬೇಡಿ. ನಮ್ಮ ಮೈಸೂರಿನ ಆರ್. ಕೆ. ನಾರಾಯಣ್ ಅವರ 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಒಳ್ಳೆಯದು. ಮಾವಿನಹಣ್ಣಿನ ಲೆಕ್ಕ ಕೊಟ್ಟರೆ ಹಣ್ಣು ಮಾಗಿದೆಯಾ ಅಂತ ಯೋಚಿಸುವ ಹುಡುಗ ನಮಗೆ ಗೊತ್ತಿರುವವನೇ. ಮನೆ, ಶಾಲೆ ಎಲ್ಲ ಪರಿಚಯದ್ದು, ಪದ ಮಾತ್ರ ಹೊಸದು. ಆಮೇಲೆ ಷರ್ಲಾಕ್ ಹೋಮ್ಸ್ ಕಥೆಗಳು. ಆಸ್ಟಿನ್, ಡಿಕೆನ್ಸ್, ಹೋಮ್ಸ್ ಎಲ್ಲ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಹೋಮ್ಸ್ ಕಥೆಗಳಲ್ಲಿ ಸಿಂಗ್ಯುಲರ್ ಅಂದರೆ ಏಕವಚನ ಅಲ್ಲ, ವಿಚಿತ್ರವಾದದ್ದು. ‘ಉದ್ಗರಿಸಿದ’ ಅನ್ನೋದಕ್ಕೆ ಅಲ್ಲಿ ಬಳಸಿರುವ ಇನ್ನೊಂದು ಪದವನ್ನು ಈಗ ನಾಲ್ಕು ಜನರ ಮುಂದೆ ಹೇಳುವ ಹಾಗಿಲ್ಲ. ಇಲ್ಲಿ ಬರೆಯಲ್ಲ, ಓದುವಾಗ ನಿಮಗೇ ಗೊತ್ತಾಗುತ್ತದೆ.

ಹೋಮ್ಸ್‌ನಲ್ಲಿ ಮೊದಲು 1891ರ ‘ದ ರೆಡ್ ಹೆಡೆಡ್ ಲೀಗ್’ ಓದಿ. ನಿಮ್ಮ ಪ್ರಶ್ನೆ ನೋಡಿದಾಗ ನನಗೆ ನೆನಪಾಗಿದ್ದೇ ಅದು. ಲಂಡನ್ನಿನ ಒಬ್ಬ ಗಿರವಿ ಅಂಗಡಿಯವನಿಗೆ ಕೆಂಪು ಕೂದಲಿದೆ ಅನ್ನೋ ಒಂದೇ ಕಾರಣಕ್ಕೆ ವಾರಕ್ಕೆ ನಾಲ್ಕು ಪೌಂಡ್ ಸಂಬಳದ ಕೆಲಸ ಸಿಗುತ್ತದೆ. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾವನ್ನು ಮೊದಲಿನಿಂದ ಕೈಯಲ್ಲಿ ನಕಲು ಮಾಡುವುದೇ ಕೆಲಸ. ಎಂಟು ವಾರ ಬರೆಯುತ್ತಾನೆ. ಆರ್ಚರಿ, ಆರ್ಮರ್, ಆರ್ಕಿಟೆಕ್ಚರ್ ಎಲ್ಲ ಆಗುತ್ತದೆ, ಇನ್ನೇನು ‘ಬಿ’ ಬಂತು ಅಂದುಕೊಳ್ಳುತ್ತಾನೆ. ಒಂದು ಬೆಳಿಗ್ಗೆ ಹೋದರೆ ಬೀಗ ಹಾಕಿದ ಬಾಗಿಲ ಮೇಲೆ, ಕೆಲಸ ಕೊಟ್ಟಿದ್ದ ಆ ಕೆಂಪು ಕೂದಲಿನವರ ಸಂಘ, ಅಂದರೆ ಲೀಗ್ ‘ಈಸ್ ಡಿಸಾಲ್ವ್ಡ್’ ಅಂತ ಚೀಟಿ. ಡಿಸಾಲ್ವ್ ಅಂದರೆ ಸಕ್ಕರೆ ನೀರಿನಲ್ಲಿ ಕರಗುವುದು ಅಂತ ನಿಮಗೆ ಗೊತ್ತು. ಸಂಘ ಹೇಗೆ ಕರಗುತ್ತದೆ, ವಿಧಾನಸಭೆ ಹೇಗೆ ಕರಗುತ್ತದೆ ಅನ್ನೋದು ಆ ಬಾಗಿಲ ಮುಂದೆ ಅವನ ಜೊತೆ ನಿಂತಾಗ ತಿಳಿಯುತ್ತದೆ. ಯಾಕೆ ಹಾಗೆ ಬರೆಸಿದರು ಅನ್ನೋದನ್ನು ನಾನು ಹೇಳಲ್ಲ.