ಸಿಬಿ ರೇಡಿಯೋ ಮಾತು ಎರಡು ಕಿಲೋಮೀಟರ್ ದಾಟುತ್ತಿಲ್ಲ, ಹೆಚ್ಚು ವ್ಯಾಟ್‌ನ ಸೆಟ್ ಕೊಳ್ಳಬೇಕೇ?

ಬೇಡ. ಆ ದುಡ್ಡು ಉಳಿಸಿಕೊಳ್ಳಿ.

ಕಾರಟಗಿ, ಸಿಂಧನೂರು, ಸಿರುಗುಪ್ಪದ ಕಡೆ ಭತ್ತ ಕೊಯ್ಯುವ ಯಂತ್ರದ ಜೊತೆ ತಿರುಗುವ ಬೊಲೆರೊ ಮತ್ತು ಪಿಕಪ್‌ಗಳಿಗೆ ಸಿಬಿ (ಸಿಟಿಜನ್ಸ್ ಬ್ಯಾಂಡ್) ರೇಡಿಯೋ, ಅಂದರೆ ಗಾಡಿಯಿಂದ ಗಾಡಿಗೆ ನೇರ ಮಾತಾಡುವ ರೇಡಿಯೋ ಕೂಡಿಸಿದ್ದೀರಿ. ಆಂಟೆನಾವನ್ನು ಕ್ಯಾರಿಯರ್‌ಗೆ ಬಿಗಿದಿದ್ದೀರಿ, ಕರೆಂಟನ್ನು ಸಿಗರೇಟ್ ಸಾಕೆಟ್‌ನಿಂದ ಎಳೆದಿದ್ದೀರಿ. ಮಾತು ಎರಡು ಕಿಲೋಮೀಟರ್ ದಾಟುತ್ತಿಲ್ಲ, ಎಂಜಿನ್ ಶುರುವಾದರೆ ಬರೀ ಗೊರಗೊರ ಸದ್ದು. ನಾನು ಗಂಗಾವತಿಯಲ್ಲಿ ವಾಹನಗಳ ವೈರಿಂಗ್ ಕೆಲಸ ಮಾಡುವವನು, ಈ ರೇಡಿಯೋಗಳೆಂದರೆ ನನಗೆ ಬಹಳ ಪ್ರೀತಿ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಸೆಟ್‌ನಲ್ಲಿ ದೋಷವಿದ್ದಂತೆ ಕಾಣುವುದಿಲ್ಲ. ಕೆಲಸ ಬಾಕಿ ಇರುವುದು ಆಂಟೆನಾದಲ್ಲಿ.

ಮೊದಲು ಕಾನೂನಿನ ಮಾತು ಮುಗಿಸುತ್ತೇನೆ, ಏಕೆಂದರೆ ಹೆಚ್ಚು ವ್ಯಾಟ್ ಬೇಡ ಎನ್ನಲು ಅದೂ ಒಂದು ಕಾರಣ. ನಮ್ಮ ದೇಶದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಸಿಬಿ ತರಂಗ ಪಟ್ಟಿಗೆ 2005ರಲ್ಲಿ ಪರವಾನಗಿಯಿಂದ ವಿನಾಯಿತಿ ಕೊಟ್ಟರು. ಶಕ್ತಿಯ ಮಿತಿ 5 ವ್ಯಾಟ್. ಇನ್ನು ನಿಮ್ಮ ಸೆಟ್‌ನಲ್ಲಿ 40 ಚಾನೆಲ್ ಇವೆ ಎಂದಿದ್ದೀರಿ. ಅದು ಅಮೆರಿಕದ ಲೆಕ್ಕ. ಅಲ್ಲಿ 1977ರಲ್ಲಿ ಚಾನೆಲ್‌ಗಳನ್ನು 23ರಿಂದ 40ಕ್ಕೆ ಏರಿಸಿದರು. ಅವುಗಳಲ್ಲಿ 27ನೇ ಚಾನೆಲ್ 27.275ರಲ್ಲಿದೆ, 28ನೆಯದು 27.285ರಲ್ಲಿ. ಅಂದರೆ 28ರಿಂದ ಮೇಲಿನವೆಲ್ಲ ನಮ್ಮ ಪಟ್ಟಿಯ ಆಚೆ ಬೀಳುತ್ತವೆ. ನೀವು 1ರಿಂದ 27ರೊಳಗೇ ಇರಿ. ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್, ಮಾತು ಕಳುಹಿಸುವ ಇನ್ನೊಂದು ವಿಧಾನ) ಇರುವ ಸೆಟ್‌ಗಳು ಆ ವಿಧಾನದಲ್ಲಿ 12 ವ್ಯಾಟ್‌ವರೆಗೆ ಹೋಗುತ್ತವೆ, ಆ ಗುಂಡಿಯನ್ನು ಮುಟ್ಟಬೇಡಿ. ಸೆಟ್‌ಗೆ ಕೇಂದ್ರ ಸರ್ಕಾರದ ರೇಡಿಯೋ ಪರವಾನಗಿ ವಿಭಾಗವಾದ ಡಬ್ಲ್ಯುಪಿಸಿಯ ಇಟಿಎ (ಉಪಕರಣದ ಒಪ್ಪಿಗೆ) ಪ್ರಮಾಣಪತ್ರ ಇದೆಯೇ, ಅದು ಹೊರಗಿನ ಆಂಟೆನಾ ಸಮೇತ ಕೊಟ್ಟಿರುವುದೇ ಎಂದು ಮಾರಿದವರನ್ನು ಕೇಳಿ, ಪ್ರತಿ ಇಸಿದುಕೊಳ್ಳಿ. ಆನ್‌ಲೈನ್‌ನಲ್ಲಿ ಸಿಗುವುದೆಲ್ಲ ಸಕ್ರಮ ಎಂದು ನಂಬಬೇಡಿ. ಒಪ್ಪಿಗೆ ಇಲ್ಲದ ವಾಕಿಟಾಕಿ ಮಾರುತ್ತಿದ್ದ ಜಾಲತಾಣಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ನೋಟಿಸ್ ಕೊಟ್ಟಿದೆ.

ಇನ್ನೊಂದು ಕಾರಣ ಲೆಕ್ಕದ್ದು. ಕೇಳುವವರ ಸೆಟ್‌ನ ಸಿಗ್ನಲ್ ಮೀಟರ್‌ನಲ್ಲಿ ಮುಳ್ಳು ಒಂದೇ ಒಂದು ಮನೆ ಮೇಲೇರಬೇಕಾದರೆ ನೀವು ಕಳುಹಿಸುವ ಶಕ್ತಿ ನಾಲ್ಕು ಪಟ್ಟಾಗಬೇಕು. ಕೆಟ್ಟ ಜಾಗದಲ್ಲಿ ಕೂತ ಆಂಟೆನಾವನ್ನು ಒಳ್ಳೆಯ ಜಾಗಕ್ಕೆ ತಂದರೆ ಖರ್ಚಿಲ್ಲದೆ ಅಷ್ಟು ದಕ್ಕುತ್ತದೆ, ಮೇಲಾಗಿ ನಿಮ್ಮ ಕಿವಿಗೂ ಅಷ್ಟೇ ಲಾಭ. ವ್ಯಾಟ್ ಏರಿಸಿದರೆ ಕೇಳುವ ಶಕ್ತಿ ಒಂದಿಷ್ಟೂ ಏರುವುದಿಲ್ಲ.

ಈ ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲು ಭಾಗ, ಅಂದರೆ ಸುಮಾರು 2.75 ಮೀಟರ್ ಉದ್ದದ ಕಡ್ಡಿ ಇದ್ದರೆ ಅದೇ ಪೂರ್ಣ ಆಂಟೆನಾ. ಅಷ್ಟುದ್ದದ್ದನ್ನು ಬೊಲೆರೊ ಮೇಲೆ ನಿಲ್ಲಿಸಿ ಓಡಿಸಲಾಗದು, ಅದಕ್ಕೇ ಬುಡದಲ್ಲೋ ನಡುವಿನಲ್ಲೋ ಸುರುಳಿ ಸುತ್ತಿ ಗಿಡ್ಡ ಮಾಡಿರುತ್ತಾರೆ. ಗಿಡ್ಡವಾದಷ್ಟೂ ನಷ್ಟ ಹೆಚ್ಚು. ಮೊಳದುದ್ದದ ಅಂದದ ಕಡ್ಡಿಗಿಂತ ಒಂದೂವರೆ ಮೀಟರಿನ ಒರಟು ಕಡ್ಡಿಯೇ ಮೇಲು. ಇದಲ್ಲದೆ ಕಡ್ಡಿ ಆಂಟೆನಾದ ಅರ್ಧ ಮಾತ್ರ, ಉಳಿದರ್ಧ ಗಾಡಿಯ ಲೋಹದ ಮೈ. ಅದಕ್ಕಾಗಿಯೇ ಚಾವಣಿಯ ನಟ್ಟನಡುವೆ ಮ್ಯಾಗ್ನೆಟ್ ಬುಡದ ಆಂಟೆನಾ ಕೂಡಿಸಿದರೆ ಎಲ್ಲ ದಿಕ್ಕಿಗೂ ಸಮನಾಗಿ ಹೋಗುತ್ತದೆ. ಹಿಂದಿನ ಮೂಲೆಗೆ ಬಿಗಿದರೆ ಎದುರಿನ ಮೂಲೆಯ ಕಡೆಗೆ ಜಾಸ್ತಿ, ಬೆನ್ನ ಹಿಂದೆ ಕಡಿಮೆ. ಬೊಲೆರೊಗೆ ಮ್ಯಾಗ್ನೆಟ್ ಬುಡವನ್ನೇ ತನ್ನಿ. ಕೂಡಿಸುವ ಮುನ್ನ ಚಾವಣಿಯನ್ನೂ ಬುಡವನ್ನೂ ಒರೆಸಿ. ನಮ್ಮ ಎರೆಹೊಲದ ದೂಳು ನಡುವೆ ಸಿಕ್ಕಿಕೊಂಡರೆ ಬಣ್ಣವೂ ಹಾಳು, ಹಿಡಿತವೂ ಸಡಿಲ.

ಪಿಕಪ್‌ಗೆ ಕ್ಯಾರಿಯರ್ ಬಿಟ್ಟರೆ ಬೇರೆ ಜಾಗವಿಲ್ಲ ಎಂದಿದ್ದೀರಿ, ಸರಿ. ಆದರೆ ಆ ಕ್ಯಾರಿಯರ್ ಪೂರ್ತಿ ಬಣ್ಣ ಬಳಿದದ್ದು, ಅದನ್ನು ಗಾಡಿಗೆ ಕೂಡಿಸಿದ ಕಡೆ ರಬ್ಬರ್ ಇಟ್ಟಿರುತ್ತಾರೆ. ಅಂದರೆ ಆಂಟೆನಾದ ಬುಡಕ್ಕೂ ಗಾಡಿಯ ಮೈಗೂ ಸಂಬಂಧವೇ ಇಲ್ಲದೆ ಹೋಗಿರಬಹುದು. ಮಲ್ಟಿಮೀಟರನ್ನು ಪೀಂ ಎನ್ನುವ ಜಾಗಕ್ಕೆ ತಿರುಗಿಸಿ, ಒಂದು ಕಡ್ಡಿಯನ್ನು ಆಂಟೆನಾ ಬುಡದ ನಟ್ಟಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ತಾಗಿಸಿ. ಸದ್ದು ಬರದಿದ್ದರೆ ನಿಮ್ಮ ಎರಡು ಕಿಲೋಮೀಟರಿನ ಗುಟ್ಟು ಅಲ್ಲೇ ಇದೆ. ಬುಡದ ಪಟ್ಟಿ ಕೂರುವ ಜಾಗದಲ್ಲಿ ಉಪ್ಪು ಕಾಗದದಿಂದ ಬಣ್ಣ ಉಜ್ಜಿ, ಬಿಳಿ ಲೋಹ ಕಾಣಲಿ. ಹಲ್ಲಿರುವ ವಾಷರ್ ಹಾಕಿ ಬಿಗಿಯಿರಿ, ಮೇಲೆ ಗ್ರೀಸ್ ಸವರಿ. ಕ್ಯಾರಿಯರ್‌ನಿಂದ ಗಾಡಿಯ ಮೈಗೆ ಅಗಲವಾದ ಹೆಣೆದ ತಾಮ್ರದ ಪಟ್ಟಿಯನ್ನು ಆದಷ್ಟು ಗಿಡ್ಡವಾಗಿ ಕೊಡಿ. ಸಣ್ಣ ವೈರು ಕೊಟ್ಟರೂ ಮಲ್ಟಿಮೀಟರ್ ಪೀಂ ಎನ್ನುತ್ತದೆ, ಆದರೆ 27 ಮೆಗಾಹರ್ಟ್ಸ್‌ಗೆ ಅದು ದಾರಿಯಾಗುವುದಿಲ್ಲ.

ಕೇಬಲ್ ಬಗ್ಗೆ ಒಂದೇ ಮಾತು: 50 ಓಮ್‌ನ ಆರ್‌ಜಿ-58 ತನ್ನಿ. ಊರಲ್ಲಿ ಎಲ್ಲಿ ನೋಡಿದರೂ ಸಿಗುವುದು ಟಿವಿಯ 75 ಓಮ್ ಕೇಬಲ್, ಅದು ಇಲ್ಲಿಗಲ್ಲ. ಹದಿನೆಂಟು ಅಡಿಯೇ ಇರಬೇಕು ಎನ್ನುವವರು ಸಿಗುತ್ತಾರೆ, ಆಂಟೆನಾ ಸೆಟ್‌ಗೆ ಸರಿಯಾಗಿ ಹೊಂದಿಕೊಂಡಿದ್ದರೆ ಕೇಬಲ್ ಎಷ್ಟುದ್ದವಿದ್ದರೂ ನಡೆಯುತ್ತದೆ. ಬಾಗಿಲ ಸಂದಿಯಲ್ಲಿ ಜಜ್ಜದಂತೆ ನೋಡಿಕೊಳ್ಳಿ, ಕನೆಕ್ಟರ್‌ಗೆ ಸರಿಯಾಗಿ ಬೆಸುಗೆ ಹಾಕಿಸಿ.

ಕರೆಂಟನ್ನು ಬ್ಯಾಟರಿಯಿಂದಲೇ ನೇರ ತನ್ನಿ. ನಾಲ್ಕು ವ್ಯಾಟ್‌ನ ಸೆಟ್ ಮಾತಾಡುವಾಗ ಎಳೆಯುವುದು ಸುಮಾರು ಎರಡು ಆಂಪಿಯರ್ ಅಷ್ಟೇ, ದಪ್ಪ ವೈರಿನ ಅಗತ್ಯವಿಲ್ಲ. ಆದರೆ ಸಾಕೆಟ್‌ನಲ್ಲಿ ಚಾರ್ಜರ್, ಫ್ಯಾನ್, ಮ್ಯೂಸಿಕ್ ಸಿಸ್ಟಮ್ ಎಲ್ಲದರ ಗಲೀಜು ಬೆರೆತಿರುತ್ತದೆ. ಪಾಸಿಟಿವ್ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ, ಕ್ಯಾಬಿನ್ ಒಳಗಲ್ಲ. ಎಂಜಿನ್ ಕೋಣೆಯ ತಗಡನ್ನು ದಾಟುವಲ್ಲಿ ರಬ್ಬರ್ ಬುಷ್ ಇರಲಿ. ವೈರು ಸವೆದು ಮೈಗೆ ತಾಗಿದರೆ ಬೆಂಕಿ. ಮುಂದೆ ಲಾರಿಗೂ ಕೂಡಿಸುವ ಯೋಚನೆಯಿದ್ದರೆ ಅದರ 24 ವೋಲ್ಟ್ ಅನ್ನು ಕನ್ವರ್ಟರ್‌ನಿಂದ 12ಕ್ಕೆ ಇಳಿಸದೆ ಸೆಟ್ ಹತ್ತಿರವೂ ತರಬೇಡಿ.

ಈಗ ಆಂಟೆನಾವನ್ನು ಸೆಟ್‌ಗೆ ಹೊಂದಿಸುವ ಕೆಲಸ, ಇದೇ ಮುಖ್ಯ. ಇದಕ್ಕೊಂದು ಎಸ್‌ಡಬ್ಲ್ಯುಆರ್ ಮೀಟರ್ ಬೇಕು, ಇಲ್ಲದೆ ಮಾಡಿದ್ದೆಲ್ಲ ಕಣ್ಣು ಕಟ್ಟಿಕೊಂಡು ಮಾಡಿದಂತೆ. ನೀವು ಕಳುಹಿಸಿದ ಶಕ್ತಿಯಲ್ಲಿ ಆಂಟೆನಾ ಎಷ್ಟನ್ನು ವಾಪಸ್ ತಳ್ಳುತ್ತಿದೆ ಎಂಬುದನ್ನು ಅದು ತೋರಿಸುತ್ತದೆ. ಮೀಟರ್ 3 ತೋರಿಸಿದರೆ ನೂರಕ್ಕೆ 25 ಪಾಲು ಹಿಂದಿರುಗುತ್ತಿದೆ ಎಂದರ್ಥ, 2 ಎಂದರೆ 11 ಪಾಲು, 1.5 ಎಂದರೆ ಬರೀ 4. ಹಾಗಾಗಿ 1.5ಕ್ಕೆ ಬಂದರೆ ಸಾಕು, 1.1 ಬರಲೇಬೇಕೆಂದು ಹಟ ಹಿಡಿಯಬೇಡಿ. ಆಂಟೆನಾ ಕೂಡಿಸದೆ ಮೈಕಿನ ಗುಂಡಿ ಒತ್ತಲೇಬೇಡಿ, ಸೆಟ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ.

ಗಾಡಿಯನ್ನು ತಗಡಿನ ಶೆಡ್, ಗೋದಾಮು, ವಿದ್ಯುತ್ ತಂತಿಗಳಿಂದ ದೂರ ಬಯಲಿಗೆ ಒಯ್ಯಿರಿ. ಬಾಗಿಲು, ಬಾನೆಟ್ ಮುಚ್ಚಿ, ಒಳಗೆ ಕೂತೇ ಅಳೆಯಿರಿ. ಪಕ್ಕದಲ್ಲಿ ಒಬ್ಬರು ನಿಂತು ನೋಡುತ್ತಿದ್ದರೂ ಮುಳ್ಳು ಸರಿಯುತ್ತದೆ. ಸೆಟ್ ಮತ್ತು ಆಂಟೆನಾದ ನಡುವೆ ಮೀಟರ್ ಕೂಡಿಸಿ, ಯಾರೂ ಮಾತಾಡುತ್ತಿಲ್ಲ ಎಂದು ಕೇಳಿ ಖಾತ್ರಿ ಮಾಡಿಕೊಂಡು 1ನೇ ಚಾನೆಲ್‌ಗೆ ಬನ್ನಿ. ಮೀಟರಿನ ಸ್ವಿಚ್ಚನ್ನು ಎಫ್‌ಡಬ್ಲ್ಯುಡಿ (ಹೋಗುವ ಶಕ್ತಿ) ಕಡೆ ಇಟ್ಟು ಮೈಕಿನ ಗುಂಡಿ ಒತ್ತಿ, ಮುಳ್ಳು ಕೊನೆಯ ಗೆರೆಗೆ ಬರುವಂತೆ ಕ್ಯಾಲ್ ಗುಬುಟನ್ನು ತಿರುಗಿಸಿ. ಒತ್ತಿದ್ದನ್ನು ಬಿಡದೆ ಸ್ವಿಚ್ಚನ್ನು ಆರ್‌ಇಎಫ್ (ಹಿಂದಿರುಗುವ ಶಕ್ತಿ) ಕಡೆಗೆ ತಳ್ಳಿ, ಅಂಕಿ ಓದಿ, ಬಿಡಿ. ಇಷ್ಟೂ ಐದಾರು ಸೆಕೆಂಡಿನೊಳಗೆ ಮುಗಿಯಲಿ. ಹೀಗೆಯೇ 14ರಲ್ಲೂ 27ರಲ್ಲೂ ಮಾಡಿ, ಪ್ರತಿ ಚಾನೆಲ್‌ಗೂ ಕ್ಯಾಲ್ ಹೊಸದಾಗಿ ಇಡಬೇಕು. 40ರಲ್ಲಿ ಅಳೆಯಿರಿ ಎನ್ನುವ ಕೈಪಿಡಿ ಅಮೆರಿಕದವರಿಗೆ. ನಮ್ಮ ಪಟ್ಟಿಯ ನಡು 27.12 ಮೆಗಾಹರ್ಟ್ಸ್, ಅದು 13 ಮತ್ತು 14ರ ಮಧ್ಯೆ ಬರುತ್ತದೆ.

ಮೂರು ಅಂಕಿಗಳೇ ದಾರಿ ತೋರಿಸುತ್ತವೆ. 1ರಲ್ಲಿ ಹೆಚ್ಚಿದ್ದು 27ರ ಕಡೆಗೆ ಇಳಿಯುತ್ತಿದ್ದರೆ ಕಡ್ಡಿ ಗಿಡ್ಡವಾಗಿದೆ, ಬುಡದ ಅಲೆನ್ ಸ್ಕ್ರೂ ಸಡಿಲಿಸಿ ಸ್ವಲ್ಪ ಮೇಲೆತ್ತಿ. 27ರಲ್ಲಿ ಹೆಚ್ಚಿದ್ದರೆ ಉದ್ದವಾಗಿದೆ, ಕೆಳಗಿಳಿಸಿ. ಒಂದು ಸಲಕ್ಕೆ ಮೂರು ನಾಲ್ಕು ಮಿಲಿಮೀಟರ್ ಸಾಕು. ಮೊದಲೇ ಕಡ್ಡಿಗೆ ಪೆನ್ನಿನಿಂದ ಗುರುತು ಹಾಕಿಕೊಳ್ಳಿ. ಕತ್ತರಿಸುವುದು ಕಟ್ಟಕಡೆಯ ಮಾತು. ಮೂರೂ ಕಡೆ 3ರ ಮೇಲೆ ತೋರಿಸಿದರೆ ಉದ್ದವನ್ನು ಮುಟ್ಟಲೇಬೇಡಿ. ಅದು ಬುಡದ ಸಂಪರ್ಕ ಇಲ್ಲದ್ದೋ, ಕನೆಕ್ಟರ್‌ನಲ್ಲಿ ನಡುವಿನ ತಂತಿ ಜಾಲರಿಗೆ ತಾಗಿದ್ದೋ ಆಗಿರುತ್ತದೆ. ಹೊಂದಿಸಿದ ಮೇಲೆ ಮೀಟರ್ ತೆಗೆದಿಡಿ.

ಎಂಜಿನ್ ಗದ್ದಲಕ್ಕೆ ಬರೋಣ. ನಿಮ್ಮ ಎರಡೂ ಗಾಡಿ ಡೀಸೆಲ್ ಆದ್ದರಿಂದ ಸ್ಪಾರ್ಕ್ ಪ್ಲಗ್‌ನ ಟಪಟಪ ಇರುವುದಿಲ್ಲ. ಎಕ್ಸಲರೇಟರ್ ಜೊತೆ ಏರುವ ಸಿಳ್ಳೆಯಂಥ ಸದ್ದಾದರೆ ಆಲ್ಟರ್ನೇಟರ್. ಬ್ಯಾಟರಿಯ ನೇರ ಸಂಪರ್ಕದಿಂದಲೇ ಬಹುಪಾಲು ತಗ್ಗುತ್ತದೆ. ಒಂದೇ ಸಮನೆ ಗೊರಗೊರ ಎನ್ನುತ್ತಿದ್ದರೆ ಮೊಬೈಲ್ ಚಾರ್ಜರ್, ಆಮೇಲೆ ಹಾಕಿಸಿದ ಎಲ್‌ಇಡಿ ದೀಪ, ಡ್ಯಾಶ್ ಕ್ಯಾಮೆರಾ ಇವುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ. ಯಾವುದನ್ನು ಬಿಚ್ಚಿದಾಗ ಸದ್ದು ನಿಲ್ಲುತ್ತದೋ ಅದರ ವೈರಿಗೆ ಗದ್ದಲ ತಡೆಯುವ ಫೆರೈಟ್ ಉಂಗುರ ಹಾಕಿ. ಸ್ಕ್ವೆಲ್ಚ್ (ಯಾರೂ ಮಾತಾಡದಾಗ ಸದ್ದು ಅಡಗಿಸುವ ಗುಬುಟು) ಅನ್ನು ಸರಸರ ಸದ್ದು ನಿಲ್ಲುವಷ್ಟೇ ತಿರುಗಿಸಿ, ಮುಂದೆ ಹೋದರೆ ದೂರದ ಮಾತೂ ಮುಚ್ಚಿಹೋಗುತ್ತದೆ.

ಕೆಲವು ಗದ್ದಲ ಗಾಡಿಯದ್ದಲ್ಲ. ಈ 27.12 ಮೆಗಾಹರ್ಟ್ಸ್ ಕೈಗಾರಿಕೆ ಮತ್ತು ವೈದ್ಯಕೀಯ ಯಂತ್ರಗಳಿಗೂ ಬಿಟ್ಟುಕೊಟ್ಟ ಜಾಗ. ಫಿಸಿಯೋಥೆರಪಿಯಲ್ಲಿ ಮಂಡಿಗೆ ಕಾವು ಕೊಡುವ ಶಾರ್ಟ್‌ವೇವ್ ಡಯಾಥರ್ಮಿ, ಪಿವಿಸಿ ಹಾಳೆ ಬೆಸೆಯುವ ಯಂತ್ರ ಎಲ್ಲ ಇಲ್ಲೇ ಕೆಲಸ ಮಾಡುತ್ತವೆ. ಪೇಟೆಯ ಒಳಗೆ ಒಂದೇ ಜಾಗದಲ್ಲಿ ಗುಂಯ್ ಎಂದು ತುಂಬಿಕೊಂಡರೆ ನಡು ಚಾನೆಲ್ ಬಿಟ್ಟು ಅಂಚಿಗೆ ಹೋಗಿ. ಹಗಲು ಹೊತ್ತಿನಲ್ಲಿ ತಿಳಿಯದ ಭಾಷೆಯ ಮಾತು ಕೇಳಿಬಂದರೂ ಗಾಬರಿ ಬೇಡ. ಸೂರ್ಯನ ಹನ್ನೊಂದು ವರ್ಷದ ಚಕ್ರದ ಏರು ಕಾಲದಲ್ಲಿ ಈ ಅಲೆಗಳು ಮೇಲಿನ ಅಯಾನುಗೋಳಕ್ಕೆ ಬಡಿದು ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. 2024ರಲ್ಲಿ ಆ ಏರು ತುದಿ ಮುಟ್ಟಿತ್ತು.

ಎಷ್ಟು ದೂರ ನಿರೀಕ್ಷಿಸಬೇಕು? ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಕಾರಟಗಿಯಿಂದ ಸಿಂಧನೂರಿನವರೆಗೆ ಗದ್ದೆಯೆಲ್ಲ ಅಂಗೈಯಂತೆ ಸಪಾಟು. ಎರಡೂ ಗಾಡಿಯ ಆಂಟೆನಾ ಸರಿಯಾಗಿ ಹೊಂದಿಸಿದ್ದರೆ ಏಳೆಂಟು ಕಿಲೋಮೀಟರ್ ಸಿಗಬೇಕು. ಆನೆಗೊಂದಿಯ ಬಂಡೆಗುಡ್ಡಗಳ ನಡುವೆ ಎರಡು ಮೂರು ಸಿಕ್ಕರೂ ಸಂತೋಷಪಡಿ, ಸಂಡೂರಿನ ಗುಡ್ಡದ ಆಚೆ ಬದಿಗೆ ಕಾಯಬೇಡಿ. ಓಡಿಸುವವರು ಮೈಕು ಹಿಡಿಯುವುದು ಬೇಡ. 2019ರ ತಿದ್ದುಪಡಿಯ ಮೋಟಾರು ವಾಹನ ಕಾಯ್ದೆ ಚಾಲನೆಯಲ್ಲಿ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನವನ್ನು ಅಪಾಯಕಾರಿ ಚಾಲನೆಯೊಳಗೆ ಸೇರಿಸಿದೆ. ಗದ್ದೆಯ ಮೇಲೆ ಜೋತುಬಿದ್ದ ವಿದ್ಯುತ್ ತಂತಿಗಳ ಕೆಳಗೆ ಹೋಗುವ ಮುನ್ನ ಆಂಟೆನಾ ಮಡಚಿ ಕಟ್ಟಿ, ಇದರಲ್ಲಿ ಉದಾಸೀನ ಮಾಡಬೇಡಿ.

ಮೊದಲು ಬೊಲೆರೊ ಹೊಂದಿಸಿ, ಆಮೇಲೆ ಪಿಕಪ್. 1, 14, 27ನೇ ಚಾನೆಲ್‌ಗಳಲ್ಲಿ ಬಂದ ಅಂಕಿಗಳನ್ನು ಎರಡೂ ಗಾಡಿಗೆ ಬೇರೆ ಬೇರೆ ಬರೆದು ಇಲ್ಲಿ ತಿಳಿಸಿ. ಕ್ಯಾರಿಯರ್‌ಗೆ ಬುಡ ಕೂತಿರುವ ಜಾಗದ ಒಂದು ಫೋಟೋ ಇದ್ದರೆ ಎಲ್ಲಿ ಉಜ್ಜಬೇಕು, ತಾಮ್ರದ ಪಟ್ಟಿ ಎಲ್ಲಿಗೆ ಕೊಡಬೇಕು ಎಂದು ನೋಡಿ ಹೇಳುತ್ತೇನೆ.