ಕರೆದವರನ್ನೇ ಪ್ರಶ್ನಿಸಬೇಕಾದ ಕುರ್ಚಿ

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳು ಅಲ್ಲಿನ ಒಂದು ಚಾರ್ಟರ್ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಇವರು ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಹೋದ ತಿಂಗಳು ಶಾಲೆಯ ಮುಖ್ಯಸ್ಥರು ಕರೆದು, ನಮ್ಮ ಬೋರ್ಡ್‌ನಲ್ಲಿ ಒಂದು ಜಾಗ ಖಾಲಿ ಇದೆ, ನಿಮ್ಮಂಥವರು ಬೇಕು ಅಂದರಂತೆ. ಪತ್ರದ ಸಾರ ಇಷ್ಟು: “ಊರಲ್ಲಿ ನಾನು ಓದಿದ ಶಾಲೆಯ ಆಡಳಿತ ಮಂಡಳಿ ಅಂದರೆ ವಾರ್ಷಿಕೋತ್ಸವದ ದಿನ ಮೊದಲ ಸಾಲಿನಲ್ಲಿ ಕೂತು ಹಾರ ಹಾಕಿಸಿಕೊಳ್ಳುವವರು. ಇಲ್ಲಿ ಏನು ಕೆಲಸ ಇರುತ್ತದೆ? ಯಾರ್ಯಾರು ಇರಬೇಕು ಅಂತ ಕಾನೂನಿದೆಯಾ? ಮಗಳು ಅಲ್ಲೇ ಓದುತ್ತಿರುವಾಗ ನಾನು ಒಪ್ಪಿಕೊಳ್ಳಬಹುದಾ?”

ನಮಸ್ಕಾರ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಒಪ್ಪಿಕೊಳ್ಳಬಹುದು, ಒಪ್ಪಿಕೊಳ್ಳಿ ಅಂತಲೇ ನನ್ನ ಆಸೆ. ಆದರೆ ಒಂದು ವಿಷಯ ತಿಳಿದುಕೊಂಡು ಒಪ್ಪಿಕೊಳ್ಳಿ. ನಿಮ್ಮನ್ನು ಕರೆದವರು ಶಾಲೆಯ ಮುಖ್ಯಸ್ಥರು. ಬೋರ್ಡ್‌ನ ಮೊದಲ ಕೆಲಸವೇ ಆ ಮುಖ್ಯಸ್ಥರನ್ನು ನೇಮಿಸುವುದು, ಅವರ ಸಂಬಳ ಗೊತ್ತು ಮಾಡುವುದು, ವರ್ಷಕ್ಕೊಮ್ಮೆ ಅವರ ಕೆಲಸ ಹೇಗಿದೆ ಅಂತ ಕೂತು ನೋಡುವುದು, ಸರಿ ಇಲ್ಲದಿದ್ದರೆ ಕಳಿಸಿಕೊಡುವುದು. ಅಂದರೆ ಪ್ರೀತಿಯಿಂದ ಕರೆದು ಕೂರಿಸಿದವರ ಮುಖ ನೋಡಿಕೊಂಡು ಒಂದು ದಿನ “ಇದು ಆಗಲ್ಲ” ಅನ್ನಬೇಕಾಗಬಹುದು. ಅದು ನಿಮ್ಮಿಂದ ಆಗುತ್ತದಾ ಅನ್ನುವುದು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಉಳಿದದ್ದೆಲ್ಲ ಕಲಿತುಕೊಳ್ಳಬಹುದು.

ಊರಲ್ಲಿರುವ ಓದುಗರಿಗಾಗಿ ಎರಡು ಮಾತು. ಚಾರ್ಟರ್ ಶಾಲೆ ಖಾಸಗಿ ಶಾಲೆ ಅಲ್ಲ. ಸರ್ಕಾರದ ದುಡ್ಡಿನಲ್ಲೇ ನಡೆಯುತ್ತದೆ, ಫೀಸು ತೆಗೆದುಕೊಳ್ಳುವ ಹಾಗಿಲ್ಲ, ಸೀಟಿಗಿಂತ ಜಾಸ್ತಿ ಮಕ್ಕಳು ಬಂದರೆ ಚೀಟಿ ಎತ್ತಬೇಕು. ಆದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಅದನ್ನು ನೇರವಾಗಿ ನಡೆಸುವುದಿಲ್ಲ. ಇಂತಿಷ್ಟು ವರ್ಷ ಹೀಗೆ ಹೀಗೆ ನಡೆಸುತ್ತೇವೆ ಅಂತ ಒಂದು ಒಪ್ಪಂದ, ಅಂದರೆ ಚಾರ್ಟರ್, ಬರೆದುಕೊಟ್ಟವರು ನಡೆಸುತ್ತಾರೆ. ಮೊದಲ ಕಾನೂನು ಬಂದದ್ದು 1991ರಲ್ಲಿ, ಮಿನೆಸೋಟದಲ್ಲಿ. ಮರುವರ್ಷ ಕ್ಯಾಲಿಫೋರ್ನಿಯಾ ಎರಡನೆಯ ರಾಜ್ಯವಾಯಿತು.

ಈಗ ಯಾರ್ಯಾರು ಇರಬೇಕು ಅನ್ನುವುದಕ್ಕೆ ಬರೋಣ. ಮಿನೆಸೋಟದ ಕಾನೂನು ಇದನ್ನು ಬಿಡಿಸಿ ಹೇಳುತ್ತದೆ: ಒಬ್ಬರಿಗೊಬ್ಬರು ಸಂಬಂಧಿಕರಲ್ಲದ ಕನಿಷ್ಠ ಐದು ಜನ, ಅವರಲ್ಲಿ ಶಾಲೆಯ ಒಬ್ಬ ಟೀಚರ್, ಒಬ್ಬ ಪೋಷಕರು, ಶಾಲೆಯಲ್ಲಿ ಕೆಲಸವನ್ನೂ ಮಾಡದ, ಮಕ್ಕಳನ್ನೂ ಕಳಿಸದ ಒಬ್ಬ ಹೊರಗಿನವರು. ಅಲ್ಲಿ ಚುನಾವಣೆಯೂ ನಡೆಯುತ್ತದೆ. ಶುರುವಿನ ಕಾನೂನಿನಲ್ಲಂತೂ ಬೋರ್ಡ್‌ನಲ್ಲಿ ಟೀಚರುಗಳೇ ಹೆಚ್ಚು ಇರಬೇಕಿತ್ತು. ಚಾರ್ಟರ್ ಅನ್ನುವ ಯೋಚನೆಯ ಹಿಂದೆ ಟೀಚರುಗಳ ಕೈಗೆ ಶಾಲೆ ಕೊಟ್ಟು ನೋಡೋಣ ಅನ್ನುವ ಆಸೆಯೂ ಇತ್ತು, ಆಮೇಲೆ ಅದು ಹಿಂದೆ ಸರಿಯಿತು. ನನ್ನ ಪ್ರಕಾರ ಅದೊಂದು ನಷ್ಟ.

ಕ್ಯಾಲಿಫೋರ್ನಿಯಾ ಹಾಗಲ್ಲ. ಇಷ್ಟೇ ಜನ, ಇಂಥವರೇ ಅಂತ ಕಾನೂನು ಹೇಳುವುದಿಲ್ಲ. ಆಡಳಿತ ಹೇಗೆ ನಡೆಯುತ್ತದೆ, ಪೋಷಕರನ್ನು ಹೇಗೆ ಸೇರಿಸಿಕೊಳ್ಳುತ್ತೀರಿ ಅಂತ ಶಾಲೆ ತೆರೆಯಲು ಕೊಡುವ ಅರ್ಜಿಯಲ್ಲಿ ನೀವೇ ಬರೆಯಿರಿ ಅನ್ನುತ್ತದೆ, ಅಷ್ಟೇ. ಚಾರ್ಟರ್ ಶಾಲೆ ಸಾಮಾನ್ಯವಾಗಿ ಒಂದು ಲಾಭರಹಿತ ಸಂಸ್ಥೆಯಾಗಿ ನೋಂದಣಿಯಾಗಿರುತ್ತದೆ. ಆ ಸಂಸ್ಥೆಯ ಬೈಲಾದಲ್ಲಿ ಬೋರ್ಡ್ ಸದಸ್ಯರ ಸಂಖ್ಯೆ, ಅವಧಿ, ನೇಮಕ ಎಲ್ಲ ಇರುತ್ತದೆ. ಅನುಮತಿ ಕೊಟ್ಟ ಡಿಸ್ಟ್ರಿಕ್ಟ್‌ಗೆ ಒಬ್ಬ ಪ್ರತಿನಿಧಿಯನ್ನು ಕೂರಿಸುವ ಹಕ್ಕಿದೆ. ಸಂಸ್ಥೆಯಿಂದ ಸಂಬಳವೋ ಶುಲ್ಕವೋ ಪಡೆಯುವವರು ಮತ್ತು ಅವರ ಮನೆಯವರು ಬೋರ್ಡ್‌ನಲ್ಲಿ ಶೇ. 49ಕ್ಕಿಂತ ಹೆಚ್ಚಿರಬಾರದು ಅಂತ ರಾಜ್ಯದ ಲಾಭರಹಿತ ಸಂಸ್ಥೆಗಳ ಕಾನೂನು ಹೇಳುತ್ತದೆ. ಇಷ್ಟು ಬಿಟ್ಟರೆ ಉಳಿದದ್ದು ಅವರವರಿಗೆ ಬಿಟ್ಟದ್ದು.

ತೊಂದರೆ ಶುರುವಾಗುವುದು ಇಲ್ಲೇ. ಎಷ್ಟೋ ಶಾಲೆಗಳಲ್ಲಿ ಇರುವ ಸದಸ್ಯರೇ ಹೊಸ ಸದಸ್ಯರನ್ನು ಆರಿಸುತ್ತಾರೆ. ಇರುವ ಸದಸ್ಯರಿಗೆ ಹೆಸರು ಸೂಚಿಸುವವರು ಯಾರು? ಬಹಳ ಕಡೆ ಮುಖ್ಯಸ್ಥರೇ. ನಿಮ್ಮ ವಿಷಯದಲ್ಲೂ ಹಾಗೇ ಆಗಿದೆ, ಅಲ್ವಾ? ಅವರಿಗೆ ಕೆಟ್ಟ ಉದ್ದೇಶ ಇದೆ ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಗೊತ್ತಿರುವ ಒಬ್ಬ ಅಮ್ಮ ಸಿಕ್ಕರು ಅಂತ ನಿಜಕ್ಕೂ ಖುಷಿಪಟ್ಟಿರಬಹುದು. ಆದರೆ ಹೀಗೆ ಒಬ್ಬೊಬ್ಬರಾಗಿ ಬಂದ ಐದಾರು ಜನ ಸೇರಿದಾಗ, ಎಲ್ಲರೂ ಒಬ್ಬರ ಪರಿಚಯದವರೇ, ಎಲ್ಲರೂ ಒಬ್ಬರಿಗೆ ಸ್ವಲ್ಪ ಋಣಿಗಳೇ ಆಗಿಬಿಡುತ್ತಾರೆ. ಆಮೇಲೆ ಆ ಒಬ್ಬರನ್ನು ಕೇಳುವವರು ಉಳಿಯುವುದಿಲ್ಲ.

ಇದು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಎ3 ಹಗರಣವೇ ಸಾಕ್ಷಿ. 2019ರಲ್ಲಿ ಸ್ಯಾನ್ ಡಿಯಾಗೊ ಕೌಂಟಿಯಲ್ಲಿ ಆನ್‌ಲೈನ್ ಚಾರ್ಟರ್ ಶಾಲೆಗಳ ಒಂದು ಜಾಲ ನಡೆಸುತ್ತಿದ್ದ 11 ಮಂದಿಯ ಮೇಲೆ ಆರೋಪ ಹೊರಿಸಿದರು. ಬೇಸಿಗೆಯಲ್ಲಿ ಆಟದ ತಂಡಗಳಿಗೆ ಸೇರಿದ್ದ ಮಕ್ಕಳ ಹೆಸರನ್ನು ಶಾಲೆಯ ಪಟ್ಟಿಗೆ ಸೇರಿಸಿ, ಪಾಠವನ್ನೇ ಮಾಡದೆ ಸರ್ಕಾರದಿಂದ ದುಡ್ಡು ಪಡೆದರು ಅನ್ನುವುದು ಆರೋಪಗಳಲ್ಲಿ ಒಂದು. ಜಾಲಕ್ಕೆ ಬಂದ ಸರ್ಕಾರದ ಹಣ ಸುಮಾರು 40 ಕೋಟಿ ಡಾಲರ್. ಶಾಲೆಗಳೂ ಅವರ ಹಿಡಿತದಲ್ಲಿ, ಆ ಶಾಲೆಗಳು ದುಡ್ಡು ಕಟ್ಟುತ್ತಿದ್ದ ಕಂಪನಿಗಳೂ ಅವರ ಹಿಡಿತದಲ್ಲಿ. ಮುಖ್ಯ ಆರೋಪಿಗಳಿಬ್ಬರು 2021ರಲ್ಲಿ ತಪ್ಪೊಪ್ಪಿಕೊಂಡರು. ಆ ಶಾಲೆಗಳಿಗೂ ಕಾಗದದ ಮೇಲೆ ಬೋರ್ಡ್‌ಗಳಿದ್ದವು.

ಆರೋಪ ಹೊರಬಂದ 2019ರಲ್ಲೇ ರಾಜ್ಯ ಒಂದು ಒಳ್ಳೆಯ ಕೆಲಸ ಮಾಡಿತು. ಎಸ್‌ಬಿ 126 ಅನ್ನುವ ಕಾನೂನು ತಂದು, ಊರಿನ ನಗರಸಭೆಗೂ ಸ್ಕೂಲ್ ಬೋರ್ಡ್‌ಗೂ ಇರುವ ನಿಯಮಗಳು ಚಾರ್ಟರ್ ಶಾಲೆಯ ಬೋರ್ಡ್‌ಗೂ ಅನ್ವಯಿಸುತ್ತವೆ ಅಂತ ಸ್ಪಷ್ಟ ಮಾಡಿತು. 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ನೀವು ಸೇರಿದರೆ ದಿನನಿತ್ಯ ನಿಮ್ಮನ್ನು ಕಟ್ಟಿಹಾಕುವುದು ಇದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೋರ್ಡ್ ಸಭೆ ಎಲ್ಲರಿಗೂ ತೆರೆದಿರಬೇಕು. ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲೇ ಹಾಕಬೇಕು, ವಿಶೇಷ ಸಭೆಯಾದರೆ 24 ಗಂಟೆ. ಅಜೆಂಡಾದಲ್ಲಿ ಇಲ್ಲದ್ದನ್ನು ಸುಮ್ನೆ ಎತ್ತಿಕೊಂಡು ತೀರ್ಮಾನ ಮಾಡುವ ಹಾಗಿಲ್ಲ. ಯಾರು ಬೇಕಾದರೂ ಬಂದು ಮಾತಾಡಬಹುದು. ಸಿಬ್ಬಂದಿಯ ವಿಷಯ, ಕೋರ್ಟ್ ಕೇಸು, ಒಂದು ಮಗುವಿನ ಶಿಸ್ತಿನ ವಿಚಾರ, ಇಂಥ ಕೆಲವಕ್ಕೆ ಮಾತ್ರ ಬಾಗಿಲು ಹಾಕಿಕೊಳ್ಳಬಹುದು.

ನಮ್ಮವರು ಎಡವುವುದು ವಾಟ್ಸಾಪ್‌ನಲ್ಲಿ. ಐದು ಜನರ ಬೋರ್ಡ್ ಅಂದುಕೊಳ್ಳಿ, ಬಹುಮತಕ್ಕೆ ಮೂರು ಜನ. ನೀವು ಸಂಜೆ ಒಬ್ಬ ಸದಸ್ಯರಿಗೆ ಫೋನ್ ಮಾಡಿ “ಆ ಬಸ್ ಕಾಂಟ್ರಾಕ್ಟ್ ಬೇಡ ಅಂತ ನನಗನಿಸುತ್ತೆ” ಅಂದಿರಿ. ಅವರು ರಾತ್ರಿ ಇನ್ನೊಬ್ಬರಿಗೆ ಅದನ್ನೇ ಹೇಳಿದರು. ಅಲ್ಲಿಗೆ ಮೂರು ಜನ ಮಾತಾಡಿಕೊಂಡ ಹಾಗಾಯಿತು, ಜನರಿಗೆ ಕಾಣದ ಹಾಗೆ ಸಭೆ ನಡೆಸಿದಂತಾಯಿತು. ಒಂದೇ ಕೋಣೆಯಲ್ಲಿ ಕೂತಿರಲೇಬೇಕು ಅಂತೇನಿಲ್ಲ. ಕನ್ನಡ ಸಂಘದ ಕಮಿಟಿಯಲ್ಲಿ ಇದ್ದು ಬಂದವರಿಗೆ ಇದು ಬಹಳ ಕಷ್ಟ. ಅಲ್ಲಿ ಗ್ರೂಪ್‌ನಲ್ಲೇ ಎಲ್ಲ ಮುಗಿಸಿ ಸಭೆಗೆ ಬರುವುದು ರೂಢಿ.

ಇನ್ನೊಂದು, ಬೇಸಿಗೆ ರಜೆಗೆ ನೀವು ಬೆಂಗಳೂರಿಗೆ ಬರುತ್ತೀರಿ. ಬಸವನಗುಡಿಯಲ್ಲಿ ಅಮ್ಮನ ಮನೆಯಿಂದಲೇ ಸಭೆಗೆ ಸೇರಿಕೊಳ್ಳೋಣ ಅನಿಸುತ್ತದೆ. ಕೆಲವು ವಿನಾಯಿತಿಗಳಿವೆ, ಆದರೆ ಮೂಲ ನಿಯಮ ಏನು ಗೊತ್ತಾ? ನೀವು ಕೂರುವ ಮನೆಯ ವಿಳಾಸ ಅಜೆಂಡಾದಲ್ಲಿ ಅಚ್ಚಾಗಬೇಕು, ಅಜೆಂಡಾವನ್ನು ಅಲ್ಲೂ ಅಂಟಿಸಬೇಕು, ಯಾರಾದರೂ ಬಂದರೆ ಒಳಗೆ ಬಿಟ್ಟುಕೊಳ್ಳಬೇಕು. ಹಾಗಾಗಿ ಸಭೆಯ ತಾರೀಖು ನೋಡಿಕೊಂಡು ಟಿಕೆಟ್ ಮಾಡಿಸಿ.

ಹಿತಾಸಕ್ತಿಯ ನಿಯಮ ಇದಕ್ಕಿಂತ ಬಿಗಿ. ವರ್ಷಾ ವರ್ಷ ಫಾರಂ 700 ತುಂಬಬೇಕು. ನಿಮ್ಮ ಹೂಡಿಕೆ, ಆದಾಯದ ಮೂಲ ಅದರಲ್ಲಿ ಬರುತ್ತದೆ. ಯಾರು ಕೇಳಿದರೂ ಅದನ್ನು ತೋರಿಸಬೇಕು. ನಿಮ್ಮ ಯಜಮಾನರದ್ದೇ ಒಂದು ಸಾಫ್ಟ್‌ವೇರ್ ಕಂಪನಿ ಇದೆ, ಶಾಲೆಗೆ ಸಾಫ್ಟ್‌ವೇರ್ ಮಾರುತ್ತಾರೆ ಅಂದುಕೊಳ್ಳಿ. “ನಾನು ಮತ ಹಾಕುವುದಿಲ್ಲ, ಹೊರಗೆ ಹೋಗಿ ನಿಲ್ಲುತ್ತೇನೆ” ಅಂದರೆ ಸಾಕಾಗುವುದಿಲ್ಲ. ಸದಸ್ಯರ ಲಾಭ ಸೇರಿಕೊಂಡಿದ್ದರೆ, ಕೆಲವು ಸಣ್ಣ ವಿನಾಯಿತಿ ಬಿಟ್ಟು, ಇಡೀ ಬೋರ್ಡ್‌ಗೇ ಆ ಕಾಂಟ್ರಾಕ್ಟ್ ಮಾಡುವ ಹಾಗಿಲ್ಲ. ಶಾಲೆಯ ನೌಕರರು ಬೋರ್ಡ್‌ನಲ್ಲಿ ಇರಬಹುದು, ಆದರೆ ತಮ್ಮ ಕೆಲಸಕ್ಕೆ ಮಾತ್ರ ಸಂಬಂಧಿಸಿದ ವಿಷಯ ಬಂದಾಗ ಮತ ಹಾಕಬಾರದು, ಬೇರೆಯವರನ್ನು ಒಲಿಸಲೂಬಾರದು.

ಈಗ ನಿಮ್ಮ ಕಸುಬಿನ ವಿಷಯ. ನಿಮ್ಮನ್ನು ಕರೆದಿರುವುದೇ ಲೆಕ್ಕಕ್ಕಾಗಿ, ಆದ್ದರಿಂದ ಎಲ್ಲಿ ನೋಡಬೇಕು ಅಂತ ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಶಾಲೆಗೆ ದುಡ್ಡು ಬರುವುದು ಹಾಜರಿಯ ಮೇಲೆ. ದಾಖಲಾದ ಮಕ್ಕಳು 300, ದಿನದ ಸರಾಸರಿ ಹಾಜರಿ ಶೇ. 95 ಅಂದರೆ 285 ಮಕ್ಕಳ ದುಡ್ಡು. ಹಾಜರಿ ಶೇ. 90ಕ್ಕೆ ಇಳಿದರೆ 270. ಟೀಚರುಗಳ ಸಂಬಳ ಮಾತ್ರ ಇಳಿಯುವುದಿಲ್ಲ, ಕಟ್ಟಡದ ಬಾಡಿಗೆಯೂ ಇಳಿಯುವುದಿಲ್ಲ. ಬಜೆಟ್ ಜುಲೈ 1ರೊಳಗೆ ಹೋಗಬೇಕು, ಡಿಸೆಂಬರ್ ಮತ್ತು ಮಾರ್ಚ್‌ನಲ್ಲಿ ಮಧ್ಯಂತರ ವರದಿ, ಡಿಸೆಂಬರ್ 15ಕ್ಕೆ ಹೋದ ವರ್ಷದ ಆಡಿಟ್. ಬಜೆಟ್‌ನಲ್ಲಿ ಎಷ್ಟು ಹಾಜರಿ ಹಿಡಿದಿದ್ದಾರೆ, ಈಗ ನಿಜವಾಗಿ ಎಷ್ಟಿದೆ, ಬ್ಯಾಂಕಿನಲ್ಲಿರುವ ದುಡ್ಡು ಎಷ್ಟು ದಿನಕ್ಕೆ ಸಾಕು, ಇದನ್ನು ಪ್ರತಿ ಸಭೆಯಲ್ಲೂ ಕೇಳಿ. ಬಣ್ಣಬಣ್ಣದ ಸ್ಲೈಡುಗಳನ್ನು ಆಮೇಲೆ ನೋಡಿದರಾಯಿತು.

ಅಜೆಂಡಾದ ಶುರುವಿನಲ್ಲೇ ‘ಕನ್ಸೆಂಟ್’ ಅಂತ ಒಂದು ಭಾಗ ಇರುತ್ತದೆ. ಹಿಂದಿನ ಸಭೆಯ ನಡಾವಳಿ, ತಿಂಗಳ ಚೆಕ್ಕುಗಳ ಪಟ್ಟಿ, ಚಿಕ್ಕಪುಟ್ಟ ಕಾಂಟ್ರಾಕ್ಟು, ಎಲ್ಲ ಒಟ್ಟಿಗೆ ಕಟ್ಟಿ ಒಂದೇ ಮತದಲ್ಲಿ ಒಪ್ಪಿಗೆ. ಸಮಯ ಉಳಿಸಲು ಮಾಡಿದ ಏರ್ಪಾಡು, ತಪ್ಪಲ್ಲ. ಆದರೆ ಮುಚ್ಚಿಡಬೇಕಾದ್ದನ್ನು ಇಡಲು ಅದಕ್ಕಿಂತ ಒಳ್ಳೆಯ ಜಾಗವೂ ಇಲ್ಲ. ಹೊರಗಿನವನಾಗಿ ನಾನು ಕೂತು ನೋಡಿದ ಒಂದು ಸಭೆಯಲ್ಲಿ, ವಯಸ್ಸಾದ ಒಬ್ಬ ಸದಸ್ಯೆ ಚೆಕ್ಕುಗಳ ಪಟ್ಟಿಯನ್ನು ಹೊರಗೆ ತೆಗೆದು ಬೇರೆಯಾಗಿ ಚರ್ಚಿಸೋಣ ಅಂದರು. ಪೆನ್ಸಿಲ್ಲಿನಲ್ಲಿ ಮೂರು ಸಾಲಿಗೆ ಗುರುತು ಹಾಕಿಕೊಂಡು ಬಂದಿದ್ದರು. ಒಂದೇ ಸಲಹೆಗಾರರ ಹೆಸರಿಗೆ ಒಂದೇ ತಿಂಗಳಲ್ಲಿ ಮೂರು ಚೆಕ್ಕು, ಪ್ರತಿಯೊಂದೂ ಬೋರ್ಡ್ ಒಪ್ಪಿಗೆ ಬೇಕಾಗುವ ಮೊತ್ತಕ್ಕಿಂತ ಸ್ವಲ್ಪ ಕಡಿಮೆ. ಕೋಣೆ ಪೂರ್ತಿ ಮೌನ. ಮುಖ್ಯಸ್ಥರು ಮುಂದಿನ ಸಭೆಗೆ ವಿವರ ತರುತ್ತೇವೆ ಅಂದರು, ಮುಂದಿನ ಸಭೆಗೆ ತಂದರು ಕೂಡ. ಯಾರೂ ಕೂಗಾಡಲಿಲ್ಲ. ಯಾವುದೇ ಸದಸ್ಯರು ಹೀಗೆ ಒಂದು ಅಂಶವನ್ನು ಹೊರಗೆ ತೆಗೆಸಬಹುದು, ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ಈ ಹಕ್ಕನ್ನು ಮೊದಲ ಸಭೆಯಲ್ಲೇ ಒಮ್ಮೆ ಬಳಸಿ, ಆಮೇಲೆ ಸಂಕೋಚ ಇರುವುದಿಲ್ಲ.

ಮಗಳ ವಿಷಯ. ಬೋರ್ಡ್ ಮೇಜಿನ ಮುಂದೆ ಕೂತಾಗ ನೀವು ನಾಲ್ಕನೇ ಕ್ಲಾಸಿನ ಒಂದು ಹುಡುಗಿಯ ಅಮ್ಮ ಅಲ್ಲ, ಶಾಲೆಯ ಎಲ್ಲ ಮಕ್ಕಳ ಪರವಾಗಿ ಕೂತವರು. ಸಭೆಯ ಹೊರಗೆ ನಿಮಗೆ ಒಬ್ಬರಿಗೇ ಯಾವ ಅಧಿಕಾರವೂ ಇಲ್ಲ, ಬೋರ್ಡ್ ಸೇರಿ ಮತ ಹಾಕಿದಾಗ ಮಾತ್ರ ಅಧಿಕಾರ. ಗೇಟಿನ ಹತ್ತಿರ ಬೇರೆ ಅಮ್ಮಂದಿರು ಹಿಡಿದು ನಿಲ್ಲಿಸುತ್ತಾರೆ: ಗಣಿತದ ಮಿಸ್ ಸರಿ ಇಲ್ಲ, ನೀವು ಬೋರ್ಡ್‌ನಲ್ಲಿದ್ದೀರಲ್ಲ, ಏನಾದರೂ ಮಾಡಿ. ಕೇಳಿಸಿಕೊಳ್ಳಿ, ದೂರು ಕೊಡುವ ದಾರಿ ಯಾವುದು ಅಂತ ಹೇಳಿ. ಆ ಮಿಸ್ಸನ್ನು ಹೋಗಿ ಮಾತಾಡಿಸಬೇಡಿ, ಅದು ಮುಖ್ಯಸ್ಥರ ಕೆಲಸ. ಮುಂದೆ ಅದೇ ದೂರು ಬೋರ್ಡ್ ಮುಂದೆ ಬಂದಾಗ ನೀವು ನಿಷ್ಪಕ್ಷಪಾತವಾಗಿ ಕೇಳುವವರಾಗಿ ಉಳಿದಿರಬೇಕು.

ಊರಿನ ಹೋಲಿಕೆ ಕೊಟ್ಟಿದ್ದೀರಿ, ಅದಕ್ಕೊಂದು ಮಾತು. ಹಾರ ಹಾಕಿಸಿಕೊಳ್ಳುವ ಆಡಳಿತ ಮಂಡಳಿ ಮಾತ್ರವಲ್ಲ, ನಮ್ಮ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಕೂಡ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಅರ್ಧದಷ್ಟು ಹೆಂಗಸರು ಇರಬೇಕು. ಪೋಷಕರಿಗೆ ಜಾಗ ಕೊಡುವುದರಲ್ಲಿ ಅದು ಕ್ಯಾಲಿಫೋರ್ನಿಯಾಕ್ಕಿಂತ ಎಷ್ಟೋ ಮುಂದೆ. ಆದರೆ ಟೀಚರನ್ನು ನೇಮಿಸುವ, ತೆಗೆಯುವ ಅಧಿಕಾರ ಎಸ್‌ಡಿಎಂಸಿಗೆ ಇಲ್ಲ, ಚಾರ್ಟರ್ ಬೋರ್ಡ್‌ಗೆ ಇದೆ. ಇಷ್ಟೊಂದು ಅಧಿಕಾರ ಇರುವ ಕಡೆ ಪೋಷಕರಿಗೆ ಒಂದು ಕುರ್ಚಿಯೂ ಖಾತ್ರಿ ಇಲ್ಲ ಅನ್ನುವುದು ನನಗೆ ಬೇಜಾರಿನ ವಿಷಯ. ನಿಮ್ಮಂಥವರು ಹೋಗಲೇಬೇಕು ಅನ್ನುವುದಕ್ಕೆ ಅದೂ ಒಂದು ಕಾರಣ.

ಒಪ್ಪಿಕೊಳ್ಳುವ ಮೊದಲು ಇಷ್ಟು ಮಾಡಿ. ಮುಂದಿನ ಸಭೆಗೆ ಸುಮ್ನೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ನೋಡಿ. ಬೈಲಾ, ಹೋದ ವರ್ಷದ ಆಡಿಟ್, ವರ್ಷದ ನಡಾವಳಿ ಕೇಳಿ ತೆಗೆದುಕೊಳ್ಳಿ, ಇವು ಸಾರ್ವಜನಿಕ ದಾಖಲೆಗಳು. ನಡಾವಳಿಯಲ್ಲಿ ಎಲ್ಲ ಮತವೂ ಸರ್ವಾನುಮತವೇ ಆಗಿದ್ದರೆ, ಯಾಕೆ ಅಂತ ಅಧ್ಯಕ್ಷರನ್ನು ಕೇಳಿ. ಚಾರ್ಟರ್ ನವೀಕರಣ ಯಾವಾಗ ಅಂತಲೂ ಕೇಳಿ. 2019ರ ಇನ್ನೊಂದು ಕಾನೂನು, ಎಬಿ 1505, ಮಕ್ಕಳ ಕಲಿಕೆ ನೋಡಿ ಶಾಲೆಗಳನ್ನು ಮೂರು ದರ್ಜೆಯಾಗಿ ಮಾಡಿದೆ: ಮೇಲಿನವಕ್ಕೆ ಐದರಿಂದ ಏಳು ವರ್ಷದ ನವೀಕರಣ, ನಡುವಿನವಕ್ಕೆ ಐದು, ಕೆಳಗಿನವಕ್ಕೆ ಸಾಮಾನ್ಯವಾಗಿ ನಿರಾಕರಣೆ, ಕೊಟ್ಟರೂ ಎರಡೇ ವರ್ಷ. ನಿಮ್ಮ ಶಾಲೆ ಯಾವ ದರ್ಜೆಯಲ್ಲಿದೆ ಅನ್ನುವುದು ಗೊತ್ತಿಲ್ಲದೆ ಒಳಗೆ ಕಾಲಿಡಬೇಡಿ.

ಕೊನೆಗೆ, ಮುಖ್ಯಸ್ಥರಿಗೆ ಹೂಂ ಅನ್ನುವ ಮೊದಲು ಬೋರ್ಡ್ ಅಧ್ಯಕ್ಷರ ಜೊತೆ ಒಂದರ್ಧ ಗಂಟೆ ಬೇರೆಯಾಗಿ ಮಾತಾಡಿ. ಮುಖ್ಯಸ್ಥರ ಕೆಲಸದ ಮೌಲ್ಯಮಾಪನ ಹೋದ ಸಲ ಯಾವಾಗ ನಡೆಯಿತು, ಅದನ್ನು ಬರೆದು ಇಟ್ಟಿದ್ದಾರಾ ಅಂತ ವಿಚಾರಿಸಿ. ಬೈಲಾದಲ್ಲಿ ಸದಸ್ಯರ ನೇಮಕದ ಕಲಮು ಏನು ಹೇಳುತ್ತದೆ ಅನ್ನುವುದನ್ನು ನಮಗೂ ಬರೆದು ತಿಳಿಸಿ, ಬೇ ಏರಿಯಾದ ಇನ್ನಷ್ಟು ಓದುಗರು ಇದೇ ಪ್ರಶ್ನೆ ಕೇಳುತ್ತಿದ್ದಾರೆ.

ಸಂಪಾದಕ