ಅರ್ಥವಾಯಿತೇ ಎಂದು ಇಇಜಿ ಹೇಳಬಲ್ಲದೇ?

ಪ್ರಶ್ನೆ: ಪದದ ಅರ್ಥ ಹೊಳೆಯಿತೋ ಇಲ್ಲವೋ ಎಂಬುದು ಮಿದುಳಿನ ವಿದ್ಯುತ್ ಅಲೆಗಳಲ್ಲಿ ಕಾಣುತ್ತದಂತೆ. ಹಾಗಾದರೆ ಒಂದು ವಾಕ್ಯ ಕೇಳಿಸಿ, ಇಇಜಿ (ತಲೆಯ ಮೇಲೆ ಎಲೆಕ್ಟ್ರೋಡುಗಳನ್ನಿಟ್ಟು ಈ ಅಲೆಗಳನ್ನು ದಾಖಲಿಸುವ ಪರೀಕ್ಷೆ) ನೋಡಿ, ‘ಇವರಿಗೆ ಅರ್ಥವಾಯಿತು’ ಎನ್ನಬಹುದೇ?

ಉತ್ತರ: ಒಂದೇ ವಾಕ್ಯದಿಂದ ಆಗದು. ನೂರು ವಾಕ್ಯ ಕೇಳಿಸಿದರೂ ಇಇಜಿ ಹೇಳುವುದು ನೀವಂದುಕೊಂಡದ್ದಕ್ಕಿಂತ ತುಸು ಬೇರೆಯದನ್ನು.

ನೀವು ಓದಿರುವುದು ಎನ್‌400 ಎಂಬ ಅಲೆಯ ಬಗ್ಗೆ ಇರಬೇಕು. 1980ರಲ್ಲಿ ಸಂಶೋಧಕರಾದ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್‌ಯಾರ್ಡ್ ಇದನ್ನು ವರದಿ ಮಾಡಿದರು. ‘ಬಾಗಿಲಿಗೆ ಬೀಗ ಹಾಕಿದ’ ಎಂಬಲ್ಲಿ ‘ಬೀಗ’ದ ಬದಲು ‘ಮೋಡ’ ಬಂತೆನ್ನಿ. ಆ ಪದ ಕಂಡ ಸುಮಾರು 250 ಮಿಲಿಸೆಕೆಂಡಿನಿಂದ ಅಲೆ ಋಣ ದಿಕ್ಕಿಗೆ ಹೊರಳಿ, 400ರ ಆಸುಪಾಸಿನಲ್ಲಿ ತುದಿ ಮುಟ್ಟುತ್ತದೆ. ಇದು ಬರೀ ಅಚ್ಚರಿಯ ಗುರುತಲ್ಲ. ಅದೇ ಅಧ್ಯಯನದಲ್ಲಿ ಸರಿಯಾದ ಪದವನ್ನೇ ದಪ್ಪಕ್ಷರದಲ್ಲಿ ತೋರಿಸಿದಾಗ ಬಂದದ್ದು ಧನ ದಿಕ್ಕಿನ ಅಲೆ. ಇನ್ನೊಂದು ಮಾತು: ‘ಬೀಗ’ಕ್ಕೂ ಎನ್‌400 ಬರುತ್ತದೆ, ಚಿಕ್ಕದಾಗಿ. ಹಿಂದಿನ ಮಾತು ಪದವನ್ನು ಮೊದಲೇ ಸುಳಿವಾಗಿ ಕೊಟ್ಟಷ್ಟೂ ಅಲೆ ಕುಗ್ಗುತ್ತದೆ.

ತೊಡಕಿರುವುದು ಅಳತೆಯಲ್ಲಿ. ಈ ಅಲೆ ಕೆಲವೇ ಮೈಕ್ರೋವೋಲ್ಟ್. ಸುತ್ತಲಿನ ಇಇಜಿ ಗದ್ದಲ ಹತ್ತಾರು ಮೈಕ್ರೋವೋಲ್ಟ್, ಒಂದು ಕಣ್ಣುಮಿಟುಕು ನೂರರ ಮೇಲೆ. ಸರಾಸರಿ ತೆಗೆದಾಗ ಗದ್ದಲ ಇಳಿಯುವುದು ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ: 36 ವಾಕ್ಯ ಸೇರಿಸಿದರೆ ಆರರಲ್ಲೊಂದು ಪಾಲು. ಹಾಗಾಗಿ ಹೊಂದುವ ಪದದವು, ಹೊಂದದ ಪದದವು ಎಂಬ ಒಂದೊಂದು ಬಗೆಗೂ 30–40 ವಾಕ್ಯಗಳಾದರೂ ಬೇಕು. ಪದದ ಮುಂಚಿನ 100–200 ಮಿಲಿಸೆಕೆಂಡನ್ನು ಸೊನ್ನೆಯಾಗಿ ಹಿಡಿದು, ನೆತ್ತಿ ಮತ್ತು ಅದರ ಹಿಂದಿನ ಎಲೆಕ್ಟ್ರೋಡುಗಳಲ್ಲಿ ನೋಡಬೇಕು. ಹೊಸಬರು ಎಡವುವುದು ಫಿಲ್ಟರಿನಲ್ಲಿ. ಬೆವರಿನಿಂದ ರೇಖೆ ತೇಲುತ್ತದೆಂದು 1 ಹರ್ಟ್ಜ್‌ವರೆಗಿನ (ಸೆಕೆಂಡಿಗೆ ಒಂದು ಸುತ್ತಿಗಿಂತ ನಿಧಾನದ) ಏರಿಳಿತವನ್ನೆಲ್ಲ ಕತ್ತರಿಸಿಬಿಡುತ್ತಾರೆ; ಎನ್‌400 ನಿಧಾನದ ಅಲೆಯಾದ್ದರಿಂದ ಅದೂ ಸವೆದು, ಆಕಾರ ಕೆಟ್ಟು, ಪಕ್ಕದಲ್ಲಿ ಇಲ್ಲದ ಉಬ್ಬು ಮೂಡುತ್ತದೆ. ಕತ್ತರಿ 0.1 ಹರ್ಟ್ಜ್‌ನಲ್ಲೇ ಇರಲಿ.

ಇಷ್ಟೆಲ್ಲ ಸರಿಯಾದರೂ ಅಲೆ ಹೇಳುವುದು ಪದದ ಅರ್ಥ ನೆನಪಿನಿಂದ ಎಷ್ಟು ಸಲೀಸಾಗಿ ಎದ್ದುಬಂತು ಎಂಬುದನ್ನು. ವಾಕ್ಯ ನಿಜವೋ ಸುಳ್ಳೋ ಎಂಬ ತೀರ್ಮಾನ ಅದರಲ್ಲಿ ಇಲ್ಲದಿರಬಹುದು. 1983ರಲ್ಲಿ ಫಿಶ್ಲರ್ ತಂಡ ‘ಗುಬ್ಬಿ ಮರವಲ್ಲ’, ‘ಗುಬ್ಬಿ ಹಕ್ಕಿಯಲ್ಲ’ ಎಂಬಂಥ ಇಂಗ್ಲಿಷ್ ವಾಕ್ಯಗಳನ್ನು ಕೊಟ್ಟಾಗ ದೊಡ್ಡ ಎನ್‌400 ಬಂದದ್ದು ಮೊದಲ ಬಗೆಗೆ, ಅಂದರೆ ನಿಜದ ವಾಕ್ಯಕ್ಕೆ! ‘ಗುಬ್ಬಿ’ಯ ಬೆನ್ನಿಗೆ ‘ಹಕ್ಕಿ’ ಸಲೀಸಾಗಿ ಹೊಳೆಯುತ್ತದೆ, ‘ಮರ’ ಹೊಳೆಯದು. (ಇದನ್ನು ಕನ್ನಡಕ್ಕೆ ಹಾಗೇ ತರುವಂತಿಲ್ಲ, ನಮ್ಮ ‘ಅಲ್ಲ’ ಪದದ ಬಾಲಕ್ಕೆ ಅಂಟುತ್ತದೆ, ಇಂಗ್ಲಿಷಿನಲ್ಲಿ ಅದು ಮೊದಲೇ ಬಂದಿರುತ್ತದೆ.)

ತಿರುಗುಮುರುಗಾಗಿಯೂ ಎಚ್ಚರ ಬೇಕು. ಚೆನ್ನಾಗಿ ಅರ್ಥ ಮಾಡಿಕೊಂಡ ಆರೋಗ್ಯವಂತರಲ್ಲೂ ಕೆಲವರ ರೇಖೆಯಲ್ಲಿ ಈ ವ್ಯತ್ಯಾಸ ಎದ್ದು ಕಾಣುವುದಿಲ್ಲ. ಮಾತಾಡಲಾಗದ ರೋಗಿಯಲ್ಲಿ ಅದು ಕಂಡರೆ ಭಾಷೆ ಒಳಗೆ ತಲುಪುತ್ತಿದೆ ಎನ್ನಲು ಒಂದು ಆಧಾರ; ಕಾಣದಿದ್ದರೆ ಅದರಿಂದ ಏನನ್ನೂ ತೀರ್ಮಾನಿಸಬೇಡಿ.